ತಗಡಿನ ಹಿಂಬದಿ

ಮಾರ್ಚ್ 4

ಬಂದು ಮೂರು ದಿನವಾಯಿತು. ಕಿವಿಯಲ್ಲಿ, ಮೂಗಿನಲ್ಲಿ, ಈ ಪುಸ್ತಕದ ಹಾಳೆಗಳ ನಡುವೆ, ಎಲ್ಲಿ ನೋಡಿದರೂ ಕಲ್ಲಿನ ಪುಡಿ. ಅಕ್ಕ ತಟ್ಟೆಗಳನ್ನು ತೊಳೆದು ಬೋರಲು ಹಾಕಿರುತ್ತಾಳೆ. ಬಡಿಸುವ ಹೊತ್ತಿಗೆ ಮತ್ತೆ ಬಟ್ಟೆಯಿಂದ ಒರೆಸುತ್ತಾಳೆ. ಇಪ್ಪತ್ತಾರು ವರ್ಷದಿಂದ ಹೀಗೇ ಒರೆಸುತ್ತಿದ್ದಾಳಂತೆ. ನಾನಾಗಿದ್ದರೆ ಇಪ್ಪತ್ತಾರು ದಿನಕ್ಕೆ ಗಂಟುಮೂಟೆ ಕಟ್ಟುತ್ತಿದ್ದೆ.

ಕಟ್ಟುವ ಹಾಗಿಲ್ಲ. ಕಲ್ಲುಗಣಿಯ ಧಣಿಯ ಜೊತೆ ಕರಾರಾಗಿದೆ. ಬೆಟ್ಟದ ಹನ್ನೆರಡು ನೋಟಗಳನ್ನು ಹನ್ನೆರಡು ತಾಮ್ರದ ತಗಡುಗಳ ಮೇಲೆ ಕೊರೆದು ಮುಗಿಸುವವರೆಗೆ ಊರು ಬಿಡುವಂತಿಲ್ಲ. ಅವುಗಳ ಅಚ್ಚು ತೆಗೆದು, ಪುಸ್ತಕವಾಗಿ ಹೊಲಿಸಿ, ದೂರದಲ್ಲಿ ಸೇತುವೆ, ಬಂದರು ಕಟ್ಟಿಸುವವರಿಗೆ ಕಳಿಸುತ್ತಾರಂತೆ. ಅವರು ಕುಳಿತಲ್ಲೇ ಬೆಟ್ಟ ನೋಡಿ ಕಲ್ಲು ಬೇಕೆನ್ನಬೇಕು. ಅದಕ್ಕೇ ನನ್ನನ್ನು ಕರೆಸಿದ್ದು. ಕಿಟಕಿಗೆ ಎಂಟು ನೂಲು ಅಡ್ಡ, ಎಂಟು ನೂಲು ಉದ್ದ ಕಟ್ಟುತ್ತೇನೆ. ಗಲ್ಲವನ್ನು ಒಂದು ಗೂಟದ ಮೇಲೆ ಊರಿ, ಒಂದೇ ಕಣ್ಣಿನಿಂದ ನೋಡಿ, ಯಾವ ಚೌಕದಲ್ಲಿ ಏನು ಕಾಣುತ್ತದೋ ಕಾಗದದ ಅದೇ ಚೌಕಕ್ಕೆ ಅದನ್ನು ಇಳಿಸುತ್ತೇನೆ. ಮೂವತ್ತು ವರ್ಷದಲ್ಲಿ ಒಂದು ಮರವನ್ನೂ ನಾನು ಅತ್ತಿತ್ತ ಸರಿಸಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಇಲ್ಲಿ ಬೇರೆ ಹೇಳುವವರಿಲ್ಲ.

ಕೆಲಸದ ಕೋಣೆ ಧಣಿಯ ಕಚೇರಿಯ ಮಾಳಿಗೆಯಲ್ಲಿದೆ. ತಾಮ್ರ ಬೆಲೆಬಾಳುವ ಸಾಮಾನೆಂದು ಗುಮಾಸ್ತ ಬೆಳಿಗ್ಗೆ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಅಗುಳಿ ಹಾಕುತ್ತಾನೆ. ಊಟಕ್ಕೆ ತೆಗೆಯುತ್ತಾನೆ, ಮತ್ತೆ ಹಾಕುತ್ತಾನೆ. "ತಪ್ಪು ತಿಳ್ಕೋಬೇಡಿ ಸಾರ್" ಎಂದು ದಿನಾ ಎರಡು ಸಲ ಹೇಳುತ್ತಾನೆ.

ಮಾರ್ಚ್ 9

ಸುತ್ತಿಗೆಗಳ ಸದ್ದಿಗೆ ತಲೆ ಸಿಡಿಯುತ್ತಿದೆ. ನಲವತ್ತು ಸುತ್ತಿಗೆಗಳಿದ್ದು ಒಂದಕ್ಕೂ ತಾಳವಿಲ್ಲ.

ಭಾವ ಈ ಗಣಿಯ ಮೇಸ್ತ್ರಿ. ಸಂಜೆ ಕೆಲಸ ಮುಗಿದಾಗ ಆಳುಗಳನ್ನು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎದೆಗೂ ಬೆರಳು ತಾಗಿಸಿ ಎಣಿಸುತ್ತಾರೆ. ನಲವತ್ತೆರಡು ಆದ ಮೇಲೆ ತಮ್ಮ ಎದೆಗೇ ಬೆರಳಿಟ್ಟುಕೊಂಡು "ನಲವತ್ತಮೂರು" ಎನ್ನುತ್ತಾರೆ. ಅದಾಗದೆ ಯಾರೂ ಮನೆಗೆ ಹೋಗುವಂತಿಲ್ಲ.

"ಕುರಿ ಎಣಿಸೋ ಹಾಗಿದೆ ಭಾವ" ಎಂದೆ.

"ಕುರಿ ತಪ್ಪಿಸಿಕೊಂಡ್ರೆ ತಾನಾಗೇ ವಾಪಸ್ ಬರುತ್ತೆ ಬಾಮೈದ" ಎಂದರು. ಆಮೇಲೆ ಮೀಸೆ ತಿರುವುತ್ತಾ, "ನನ್ನನ್ನ ಚಿತ್ರದಲ್ಲಿ ಹಾಕ್ತೀಯೋ ಇಲ್ವೋ?" ಎಂದು ಕೇಳಿದರು.

"ಹಾಕದೆ ಇರ್ತೀನಾ? ಬೆಟ್ಟ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಕೆಳಗೆ ಏಳೆಂಟು ಗೊಂಬೆ ಬೇಕೇ ಬೇಕು."

"ಗೊಂಬೆನಾ?"

"ಒಂದೊಂದು ಅಕ್ಕಿಕಾಳಿನಷ್ಟು."

"ಮೀಸೆ ಕಾಣುತ್ತಾ?"

"ಅಕ್ಕಿಕಾಳಿಗೆ ಎಲ್ಲಿ ಮೀಸೆ ಭಾವ?"

ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಭಾವನಿಗೆ ಮಾತ್ರ ಬೇಜಾರಾದಂತೆ ಕಂಡಿತು. ಅವರಿಗೆ ಕಲೆ ಅರ್ಥವಾಗುವುದಿಲ್ಲ, ಪಾಪ.

ಮಾರ್ಚ್ 17

ಮೂರು ತಗಡು ಮುಗಿದವು. ಈಗ ನಾಲ್ಕನೆಯದು, ಧಣಿಗೆ ಎಲ್ಲಕ್ಕಿಂತ ಬೇಕಾದದ್ದು. ಕಡಿದು ಕಡಿದು ಬೆಟ್ಟದ ಒಂದು ಮಗ್ಗುಲು ಗೋಡೆಯಂತೆ ನಿಂತಿದೆ. ಗಣಿಯವರು ಅದಕ್ಕೆ 'ದೊಡ್ಡ ಮುಖ' ಎನ್ನುತ್ತಾರೆ. ಅದರ ಬುಡದಲ್ಲೇ ಎಲ್ಲರೂ ಕೆಲಸ ಮಾಡುವುದು.

ತಗಡಿನ ಮೇಲೆ ಎಲ್ಲವನ್ನೂ ತಿರುಗಿಸಿ ಕೊರೆಯಬೇಕು. ಬೆಟ್ಟದ ಎಡಭಾಗ ತಗಡಿನಲ್ಲಿ ಬಲಕ್ಕೆ ಬರಬೇಕು. ಆಗಲೇ ಕಾಗದಕ್ಕೆ ಅಚ್ಚೊತ್ತಿದಾಗ ಸರಿಯಾಗಿ ನಿಲ್ಲುವುದು. ಅಕ್ಕನಿಗೆ ಇದನ್ನು ವಿವರಿಸಿದೆ. "ಅಂದ್ರೆ ದಿನವೆಲ್ಲಾ ನೀನು ಉಲ್ಟಾ ಊರಲ್ಲಿ ಇರ್ತೀಯ. ಅದಕ್ಕೇ ಹೀಗಾಡ್ತೀಯ" ಎಂದಳು.

ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಮುಖದ ಮೇಲ್ಭಾಗದಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣುತ್ತದೆ. ಎರಡನೆಯ ಅಡ್ಡನೂಲಿನಿಂದ ಮೂರನೆಯದರವರೆಗೆ ಇಳಿದಿದೆ. ಬಿಸಿಲೇರಿದರೆ ಮಾಯ. ಅಂಥದ್ದನ್ನೂ ಬಿಡುವವನಲ್ಲ ನಾನು. ಕೊರೆದೆ. ಚೆನ್ನಾಗಿ ಬಂದಿದೆ.

ಮಾರ್ಚ್ 24

ಬಿರುಕು ನಾಲ್ಕನೆಯ ನೂಲಿಗೆ ಬಂದಿದೆ.

ಮೊದಲು ನನ್ನ ಕಣ್ಣನ್ನೇ ಬೈದುಕೊಂಡೆ. ಗೂಟ ಅಲುಗಿದೆಯೇ ಎಂದು ನೋಡಿದೆ, ಇಲ್ಲ. ನೂಲು ಸಡಿಲಾಗಿಲ್ಲ. ಬೆಟ್ಟದ ಅಂಚಿನ ಮೇಲಿನ ಪೊದೆ, ಕಲ್ಲೆತ್ತುವ ಕಂಬ, ಎಲ್ಲ ತಮ್ಮ ತಮ್ಮ ಚೌಕದಲ್ಲೇ ಇವೆ. ಬಿರುಕೊಂದೇ ನಡೆದಿದೆ. ತಗಡಿನಲ್ಲೂ ಅದನ್ನು ಅಷ್ಟಕ್ಕೆ ಎಳೆದೆ.

ಊಟಕ್ಕೆ ಕುಳಿತಾಗ ಭಾವನಿಗೆ ಹೇಳಿದೆ.

"ಬೆಟ್ಟ ಅಂದ್ಮೇಲೆ ಬಿರುಕು ಇರುತ್ತೆ. ನಿನ್ನ ಹಿಮ್ಮಡೀಲೂ ಇದೆ" ಎಂದರು.

"ತಮಾಷೆ ಅಲ್ಲ ಭಾವ. ಒಂದೇ ವಾರದಲ್ಲಿ ಬೆಳೆದಿದೆ."

"ನೋಡು, ಆ ಕಲ್ಲನ್ನ ನಾನು ಇಪ್ಪತ್ತಾರು ವರ್ಷದಿಂದ ಬಡಿದು ನೋಡ್ತಿದ್ದೀನಿ. ನೀನು ಮೂರು ವಾರದಿಂದ ಕಿಟಕೀಲಿ ಕೂತು ನೋಡ್ತಿದ್ದೀಯ. ಗಟ್ಟಿ ಕಲ್ಲು ಘಣ್ ಅನ್ನುತ್ತೆ, ಕೆಟ್ಟ ಕಲ್ಲು ದಬ್ ಅನ್ನುತ್ತೆ. ಇವತ್ತು ಬೆಳಿಗ್ಗೆನೂ ಘಣ್ ಅಂತು."

"ನೀವು ಬಡಿಯೋದು ಬುಡದಲ್ಲಿ. ಅದಿರೋದು ಮೇಲೆ."

ಅವರ ಕೈ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಕೆಳಗಿನಿಂದ ನೋಡಿದರೆ ಬಂಡೆಯ ಉಬ್ಬು ಅದನ್ನು ಮರೆಮಾಡುತ್ತದೆ. ಮೇಲೆ ಹತ್ತಿ ಬಗ್ಗಿದರೆ ಮಣ್ಣು, ಪೊದೆ. ಕಾಣುವುದು ಈ ಮಾಳಿಗೆಯಿಂದ ಮಾತ್ರ. ಗಣಿಯವರನ್ನು ಗುಮಾಸ್ತ ಕಚೇರಿಯ ಮೊದಲ ಮೆಟ್ಟಿಲನ್ನೂ ಹತ್ತಗೊಡುವುದಿಲ್ಲ. ಹಾಗಾಗಿ ಈ ಊರಿನಲ್ಲಿ ಅದನ್ನು ನೋಡುತ್ತಿರುವವನು ನಾನೊಬ್ಬನೇ, ಅದೂ ಅಗುಳಿ ಹಾಕಿದ ಕೋಣೆಯಲ್ಲಿ ಕುಳಿತು.

ಮಾರ್ಚ್ 26

ನಾಲ್ಕನೆಯ ತಗಡಿನ ಮೊದಲ ಅಚ್ಚನ್ನು ನೋಡಲು ಧಣಿ ಮೇಲೆ ಬಂದರು. ಸಭ್ಯ ಮನುಷ್ಯ, ಅದೇ ಕಷ್ಟ. ಜಗಳಗಂಟನಾಗಿದ್ದರೆ ತಿರುಗಿ ಬಯ್ಯಬಹುದಿತ್ತು.

"ಎಂಥಾ ಕೈ ರೀ ನಿಮ್ಮದು! ಬಿಸಿಲು ಮುಟ್ಟಿದರೆ ಬಿಸಿ ಆಗುತ್ತೇನೋ ಅನ್ನೋ ಹಾಗಿದೆ. ಇದೇನು, ಇಲ್ಲೊಂದು ಗೀರು ಬಿದ್ದಿದೆ?"

"ಗೀರಲ್ಲ ಧಣಿ, ಬಿರುಕು. ಬೆಟ್ಟದಲ್ಲೇ ಇದೆ, ಬೆಳೀತಾ ಇದೆ. ಅದರ ಕೆಳಗೇ ಜನ ಕೆಲಸ ಮಾಡ್ತಿದ್ದಾರೆ."

"ಒಡಕು ಕಲ್ಲನ್ನ ಯಾರಾದರೂ ತಗೋತಾರಾ? ಅದನ್ನ ತೆಗೆದುಬಿಡಿ."

"ಇರೋದನ್ನ ಹೇಗೆ ತೆಗೀಲಿ ಧಣಿ?"

"ಬೆಟ್ಟದಿಂದ ತೆಗೀರಿ ಅಂದೆನಾ? ತಗಡಿಂದ ತೆಗೀರಿ."

ಅವರು ಕಿಟಕಿಯ ಹತ್ತಿರ ಹೋಗಿ ಅಕ್ಕನ ಮನೆಯ ಕಡೆ ಕೈ ತೋರಿಸಿದರು. "ಹೋದ ವರ್ಷ ಆ ಸೂರು ಸೋರ್ತಿತ್ತು. ನಾನೇ ಮುಂದೆ ನಿಂತು ಸರಿ ಮಾಡಿಸಿದೆ. ಅದು ಮೇಸ್ತ್ರಿಗೆ ಅಂತ ಇರೋ ಮನೆ ನೋಡಿ. ಮೇಸ್ತ್ರಿ ಬದಲಾದರೆ ಮನೆಯವರೂ ಬದಲಾಗಬೇಕಾಗುತ್ತೆ" ಎಂದರು. ಹವಾಮಾನದ ವಿಚಾರ ಮಾತಾಡುವ ದನಿಯಲ್ಲೇ ಹೇಳಿದರು. ಹೋಗುವಾಗ ಆ ಮೊದಲ ಅಚ್ಚನ್ನೂ ನಾನು ನೂಲು ಹಿಡಿದು ಬರೆದ ಕರಡುಗಳನ್ನೂ ಒಟ್ಟು ಮಾಡಿ ಒಯ್ದರು. ಮಧ್ಯಾಹ್ನ ಕೆಳಗಿನಿಂದ ಕಾಗದ ಸುಡುವ ವಾಸನೆ ಬಂತು.

ಮಾರ್ಚ್ 27

ತಾಮ್ರದಲ್ಲಿ ಗೆರೆ ಅಳಿಸುವುದು ಎಳೆಯುವುದಕ್ಕಿಂತ ಕಷ್ಟ. ಮೊದಲು ಗೆರೆಯ ಎರಡೂ ದಡಗಳನ್ನು ಚೂರಿಯಿಂದ ಹೆರೆಯಬೇಕು. ಅಲ್ಲಿ ಸಣ್ಣ ತಗ್ಗು ಬೀಳುತ್ತದೆ. ಆಗ ತಗಡನ್ನು ಬೋರಲು ಹಾಕಿ, ಅದೇ ಜಾಗಕ್ಕೆ ಹಿಂದಿನಿಂದ ಪುಟ್ಟ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಗ್ಗನ್ನು ಮೇಲೆಬ್ಬಿಸಬೇಕು. ಕೊನೆಗೆ ನುಣುಪಾದ ಉಕ್ಕಿನ ಕಡ್ಡಿಯಿಂದ ಮುಂಭಾಗವನ್ನು ಉಜ್ಜಬೇಕು. ಇಡೀ ದಿನ ಹಿಡಿಯಿತು. ಬಿರುಕಿದ್ದ ಕಡೆ ಬಿಸಿಲು ಬಿದ್ದ ಬಂಡೆಯ ನವಿರಾದ ಗೆರೆಗಳನ್ನು ತುಂಬಿ ಅಚ್ಚು ತೆಗೆದೆ.

ಎಲ್ಲಿತ್ತೆಂದು ನನಗೇ ಹೇಳಲಾಗಲಿಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಅಳಿಸಿರಲಿಲ್ಲ. ಒಂದು ಗಳಿಗೆ ಹೆಮ್ಮೆಯೂ ಆಯಿತು. ಅದನ್ನು ಇಲ್ಲಲ್ಲದೆ ಬೇರೆಲ್ಲಿ ಒಪ್ಪಿಕೊಳ್ಳಲಿ?

ಮೂವತ್ತು ವರ್ಷದಿಂದ ಬರೆದದ್ದೆಲ್ಲ ಇವತ್ತು ಹೊಳೆಗೆ ಹೋಯಿತು. ಧಣಿ ಹೊಗಳಿ ಹೇಳಿಕಳಿಸಿದ್ದಾರೆ.

ಏಪ್ರಿಲ್ 2

ಐದನೆಯ ನೂಲು. ಎಡಕ್ಕೊಂದು ಕವಲೂ ಒಡೆದಿದೆ. ಈಗ ಬಿಸಿಲೇರಿದ ಮೇಲೂ ಕಾಣುತ್ತದೆ.

ಮಧ್ಯಾಹ್ನ ಅಗುಳಿ ತೆಗೆದ ಕೂಡಲೇ ಮನೆಗೆ ಓಡಿದೆ. ಭಾವ ಕೈ ತೊಳೆಯುತ್ತಿದ್ದರು. ಎಲ್ಲ ಹೇಳಿದೆ. ಎಲ್ಲ ಅಂದರೆ, ಅಳಿಸಿದ್ದನ್ನು ಬಿಟ್ಟು. ಅವರು ನಗಲಿಲ್ಲ. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಿನ್ನ ನೂಲು ಸುಳ್ಳು ಹೇಳಲ್ಲ ತಾನೇ?"

"ಹೇಳಲ್ಲ ಭಾವ."

ಊಟ ಬಿಟ್ಟು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಕೆಲಸ ನಿಲ್ಲಿಸಲು ಬಡಿಯುವ, ಕಂಬದಲ್ಲಿ ನೇತುಹಾಕಿದ ಕಬ್ಬಿಣದ ಪಟ್ಟಿಯ ಸದ್ದು ಕೇಳಿತು. ಸುತ್ತಿಗೆಗಳು ಒಂದೊಂದಾಗಿ ನಿಂತವು. ಎಲ್ಲರೂ ರಸ್ತೆಗೆ ಬಂದರು. ಇಂಥ ನಿಶ್ಶಬ್ದವನ್ನು ಈ ಊರಿನಲ್ಲಿ ನಾನು ಕೇಳಿರಲಿಲ್ಲ. ಯಾಕೋ ಹಿತವೆನಿಸಲಿಲ್ಲ.

ಏಪ್ರಿಲ್ 3

ಧಣಿ ಕಚೇರಿಯ ಅಂಗಳಕ್ಕೆ ಎಲ್ಲರನ್ನೂ ಕರೆಸಿದರು. ಕೋಪವೇನೂ ಇರಲಿಲ್ಲ. ಕೈಯಲ್ಲಿ ನಾಲ್ಕನೆಯ ತಗಡಿನ ಅಚ್ಚು ಇತ್ತು.

"ನಿಮ್ಮ ಮೇಸ್ತ್ರಿ ಬಾಮೈದನೇ ಬರೆದದ್ದು. ನೂಲು ಕಟ್ಟಿ, ಒಂದು ಪೊದೇನೂ ಬಿಡದೆ ಬರೆದಿದ್ದಾರೆ. ಬಿರುಕೆಲ್ಲಿದೆ, ನೀವೇ ಹುಡುಕಿ."

ಅಚ್ಚು ಕೈಯಿಂದ ಕೈಗೆ ಹೋಯಿತು. ಉದ್ದಣ್ಣ ಎಂದು ಎಲ್ಲರೂ ಕರೆಯುವ ಆಳು, "ಅರೆ, ನಾನು ದಿನಾ ಊಟಕ್ಕೆ ಕೂರೋ ಕಲ್ಲು ಇಲ್ಲಿದೆ ನೋಡ್ರೋ!" ಎಂದ. ಅವರ ಕಲ್ಲು, ಅವರ ಕಂಬ, ಅವರ ಪೊದೆ ಎಲ್ಲವೂ ಅಲ್ಲಿದ್ದವು. ಒಂದೊಂದು ಸಿಕ್ಕಿದಾಗಲೂ ಅವರಿಗೆ ಖುಷಿ. ಬಿರುಕು ಮಾತ್ರ ಯಾರಿಗೂ ಸಿಗಲಿಲ್ಲ.

ಧಣಿ ನನ್ನ ಕಡೆ ತಿರುಗಿದರು. "ಇದು ನೀವು ಬರೆದದ್ದೇ ಅಲ್ವಾ?"

"ಹೌದು."

"ಇದ್ದದ್ದು ಇದ್ದ ಹಾಗೇ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭಾವನೂ ನೋಡುತ್ತಿದ್ದರು. ಅವರ ತಲೆಯ ಹಿಂದೆ, ದೂರದಲ್ಲಿ, ಅಕ್ಕನ ಮನೆಯ ಸೂರು ಕಾಣುತ್ತಿತ್ತು.

"ಹೌದು" ಎಂದೆ.

ಯಾರೋ ಕಿಸಕ್ಕೆಂದರು. ಭಾವ ಸುತ್ತಿಗೆ ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಹೊರಟರು.

ಏಪ್ರಿಲ್ 4

ಅಕ್ಕ ಬಡಿಸಿದಳು. ತಟ್ಟೆ ಒರೆಸಲಿಲ್ಲ.

ಏಪ್ರಿಲ್ 5

ಐದನೆಯ ತಗಡನ್ನು ಮುಟ್ಟಲಾಗಲಿಲ್ಲ. ಗೂಟಕ್ಕೆ ಗಲ್ಲ ಕೊಟ್ಟು ಕುಳಿತೇ ಇದ್ದೆ. ಬಿರುಕನ್ನು ನೋಡಲು ಧೈರ್ಯವಿಲ್ಲದೆ ಕೆಳಗೆ ನೋಡುತ್ತಿದ್ದೆ. ಉದ್ದಣ್ಣ ಮೂರು ಏಟು ಹಾಕಿ ಒಮ್ಮೆ ಸೊಂಟಕ್ಕೆ ಕೈ ಕೊಡುತ್ತಾನೆ. ಅವನ ಪಕ್ಕದವನು ಎಡಗೈಯವನು, ಬೆಣೆ ಹೊಡೆಯುವಾಗ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಬುಟ್ಟಿ ಹೊರುವ ಅಣ್ಣತಮ್ಮಂದಿರು ದಿನವಿಡೀ ಜಗಳವಾಡುತ್ತಾರೆ, ನೀರು ಮಾತ್ರ ಒಂದೇ ಪಾತ್ರೆಯಿಂದ ಕುಡಿಯುತ್ತಾರೆ. ಸೀಳುದನಿಯ ಸುತ್ತಿಗೆ ಯಾರದು, ಮಂದದನಿಯದು ಯಾರದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹತ್ತು ಗಂಟೆಯ ಸುಮಾರಿಗೆ ಉದ್ದಣ್ಣನ ಸುತ್ತಿಗೆ ನಿಂತುಹೋಯಿತು. ಗೂಟ ಬಿಟ್ಟು ಎದ್ದು ನಿಂತೆ. ಅವನು ಕಾಲಿಗೆ ಚುಚ್ಚಿದ ಚೂರು ತೆಗೆಯುತ್ತಿದ್ದ, ಅಷ್ಟೆ.

ಭಾವ ಎಲ್ಲರನ್ನೂ ಬಲಕ್ಕೆ ಕಳಿಸಿ, ಬಿರುಕು ಎಲ್ಲಿದೆ ಎಂದು ನಾನು ಹೇಳಿದ್ದೆನೋ ಸರಿಯಾಗಿ ಅದರ ಕೆಳಗೆ ತಾವೊಬ್ಬರೇ ನಿಂತಿದ್ದಾರೆ. ನನ್ನ ಮೇಲಿನ ಸಿಟ್ಟಿಗೋ, ಒಳಗೊಳಗೆ ನನ್ನನ್ನು ನಂಬಿರುವುದಕ್ಕೋ ಗೊತ್ತಿಲ್ಲ. ಒಂದು ಸಲವೂ ಅವರು ಕಿಟಕಿಯ ಕಡೆ ತಲೆ ಎತ್ತಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಇದನ್ನು ಸುತ್ತಿ ಬಳಸಿ ಹೇಳಲಾರೆ.

ಏಪ್ರಿಲ್ 6

ಊಟದ ಹೊತ್ತಿಗೆ ಅಗುಳಿ ತೆಗೆಯುವ ಮೊದಲೇ ನಾಲ್ಕನೆಯ ತಗಡನ್ನು ಅಂಗಿಯೊಳಗೆ ಇಳಿಸಿ ಸೊಂಟದ ಪಟ್ಟಿ ಬಿಗಿದುಕೊಂಡಿದ್ದೆ. ಹೊಟ್ಟೆಗೆ ಮಂಜಿನಂತೆ ತಣ್ಣಗೆ.

"ಯಾಕೆ ಸಾರ್ ಹೀಗೆ ನೆಟ್ಟಗೆ ನಡೀತೀರ?" ಎಂದ ಗುಮಾಸ್ತ.

"ಹೊಟ್ಟೆನೋವು."

"ಶುಂಠಿ ತಿನ್ನಿ ಸಾರ್. ತಪ್ಪು ತಿಳ್ಕೋಬೇಡಿ."

ಮನೆಯ ಕಡೆ ಹೋಗುವವನಂತೆ ಹೊರಟು ಗಣಿಗೆ ಇಳಿದೆ. ಬಂದು ಐದು ವಾರವಾದರೂ ಅಲ್ಲಿ ಕಾಲಿಟ್ಟಿರಲಿಲ್ಲ. ಮೇಲಿನಿಂದ ಅಂಗೈಯಷ್ಟು ಕಾಣುತ್ತಿದ್ದ ಕಲ್ಲುಗಳು ನನಗಿಂತ ಎತ್ತರ. ಅರ್ಧ ಜನ ಉಂಡು ಆಗಲೇ ಕೆಲಸಕ್ಕೆ ಹತ್ತಿದ್ದರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಆ ಸದ್ದಿನಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ. ಅಂಗಿ ಎತ್ತಿ ತಗಡು ತೆಗೆದು ಭಾವನ ಕೈಗಿಟ್ಟೆ.

ಅವರು ಮುಂಭಾಗವನ್ನು ನೋಡಿದರು. ಅಲ್ಲೇನಿದೆ, ಹೊಳೆಯುವ ಬೆಟ್ಟ. ಆಮೇಲೆ, ಸಾಮಾನು ಕೈಗೆ ಬಂದರೆ ಎಲ್ಲರೂ ಮಾಡುವ ಹಾಗೆ, ಹಿಂದೆ ತಿರುಗಿಸಿದರು.

ಹಿಂಬದಿಯಲ್ಲಿ ನನ್ನ ಪುಟ್ಟ ಸುತ್ತಿಗೆಯ ಗುರುತುಗಳಿದ್ದವು. ಅದನ್ನು ಯಾರೂ ನೋಡುವುದಿಲ್ಲ, ಅಚ್ಚಿಗೆ ಬರುವುದಿಲ್ಲ, ಹಾಗಾಗಿ ನಾವು ಯಾರೂ ಅದನ್ನು ತಿಕ್ಕಿ ತೆಗೆಯುವುದಿಲ್ಲ. ಭಾವ ಹೆಬ್ಬೆರಳಿನಿಂದ ಅವನ್ನು ಸವರಿದರು. ಮೇಲಿನಿಂದ ಕೆಳಕ್ಕೆ ಒಂದು ಸಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಇಪ್ಪತ್ತಾರು ವರ್ಷ ಸುತ್ತಿಗೆಯ ಗುರುತು ನೋಡಿದ ಹೆಬ್ಬೆರಳು ಅದು.

"ಇಲ್ಲಿ ಇಷ್ಟೊಂದು ಯಾಕೆ ಬಡಿದೆ?" ಎಂದು ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ಅಳಿಸೋಕೆ."

"ಏನಿತ್ತು?"

"ಬಿರುಕು."

ಕೆನ್ನೆಗೆ ಬಾರಿಸುತ್ತಾರೆ ಎಂದುಕೊಂಡೆ, ಬಾರಿಸಿದ್ದರೆ ಒಳ್ಳೆಯದಿತ್ತು. ಅವರು ತಗಡಿನ ಹಿಂಬದಿಯನ್ನು ತಮ್ಮ ಕಡೆ ಹಿಡಿದು, ದೊಡ್ಡ ಮುಖಕ್ಕೆ ಎದುರಾಗಿ ಎತ್ತಿದರು. ತಗಡಿನಲ್ಲಿ ತಿರುಗಿದ್ದ ಬೆಟ್ಟ ಹಿಂದಿನಿಂದ ನೋಡುವಾಗ ಮತ್ತೆ ನೆಟ್ಟಗಾಗುತ್ತದೆ. ಗುರುತುಗಳ ಸಾಲು ಬಂಡೆಯ ಮೇಲೆ ಎಲ್ಲಿ ಇಳಿಯಬೇಕೋ ಅಲ್ಲೇ ಇಳಿಯಿತು.

ಭಾವ ಹೋಗಿ ಕಬ್ಬಿಣದ ಪಟ್ಟಿ ಬಡಿದರು.

"ಮತ್ತೇನು ಮೇಸ್ತ್ರೀ? ನಿಮ್ಮ ಬಾಮೈದ ಬೆಳಿಗ್ಗೆ ಒಂದು ಹೇಳ್ತಾನೆ, ಸಂಜೆ ಒಂದು ಹೇಳ್ತಾನೆ" ಎಂದ ಉದ್ದಣ್ಣ.

"ಅವನ ಮಾತು ಬೇಡ. ಇದನ್ನ ಮುಟ್ಟಿ ನೋಡಿ. ಸುಮ್ಮಸುಮ್ಮನೆ ಯಾರೂ ಇಷ್ಟು ಬಡಿಯಲ್ಲ."

ತಗಡು ಕೈಯಿಂದ ಕೈಗೆ ಹೋಯಿತು. ಈ ಸಲ ಯಾರೂ ಮುಂಭಾಗ ನೋಡಲಿಲ್ಲ. ಎಡಗೈಯವನು ಕಣ್ಣು ಮುಚ್ಚಿ ಸವರಿದ. ಆಮೇಲೆ ತನ್ನ ಬೆಣೆಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡ.

ಏಪ್ರಿಲ್ 9

ಭಾವ ಈಗ ಮೇಸ್ತ್ರಿಯಲ್ಲ. ಹದಿನಾಲ್ಕಕ್ಕೆ ಮನೆ ಬಿಡಬೇಕು. ಹದಿಮೂರಕ್ಕೆ ಗುಮಾಸ್ತ ಬಂದು ತಗಡು ಒಯ್ಯುತ್ತಾನೆ. ಕೊಡದಿದ್ದರೆ ಕಳ್ಳತನದ ಮೊಕದ್ದಮೆ. ನನ್ನ ಕರಾರು ಮುರಿದುಬಿದ್ದಿದೆ, ಯಾವಾಗ ಬೇಕಾದರೂ ಹೊರಡಬಹುದಂತೆ.

ಹೊರಡಬಹುದು ನಿಜ. ಆದರೆ ಬೆಳಿಗ್ಗೆ ಎದ್ದು ಬೆಟ್ಟ ನೋಡುವವರು ಯಾರು? ಅಕ್ಕನ ಮನೆಯ ಮುಂದೆ ನಿಂತರೆ ಅಂಚಿನ ಪೊದೆಯಾದರೂ ಕಾಣುತ್ತದೆ. ಅದು ಇದ್ದಲ್ಲೇ ಇದೆ.

ಮೂರು ದಿನದಿಂದ ಒಂದು ಸುತ್ತಿಗೆಯೂ ಕೇಳಿಸಿಲ್ಲ. ತಲೆನೋವು.

ಏಪ್ರಿಲ್ 12

ಬಿದ್ದಿಲ್ಲ.

ಉದ್ದಣ್ಣ ಬಂದು ಬಾಗಿಲಲ್ಲೇ ನಿಂತು ಹೇಳಿದ: "ಸೋಮವಾರದಿಂದ ಎಲ್ಲ ಕೆಲಸಕ್ಕೆ ಹೋಗ್ತೀವಿ ಮೇಸ್ತ್ರೀ. ಬೇಜಾರು ಮಾಡ್ಕೋಬೇಡಿ. ಮನೇಲಿ ಕೇಳ್ತಾರೆ." ಭಾವ "ಹೂಂ" ಎಂದರು. ಅವರನ್ನೆಲ್ಲ ಹೆಗಲು ಹಿಡಿದು ನಿಲ್ಲಿಸಲಾದೀತೇ? ಬೀಳಲಿ, ಭಾನುವಾರದೊಳಗೆ ಬಿದ್ದುಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ಕೈ ಸುಮ್ಮನಿರಲಿಲ್ಲ. ಅಡಿಗೆಮನೆಯ ಕಿಟಕಿಯ ಹತ್ತಿರ ಕುಳಿತು ತಗಡಿನಲ್ಲಿ ಬಿರುಕನ್ನು ಮತ್ತೆ ಕೊರೆದೆ. ಭಾವ ಪಕ್ಕದಲ್ಲಿ ಬಂದು ಕುಳಿತರು. ಶನಿವಾರದಿಂದ ಈಚೆಗೆ ಅವರು ನನ್ನ ಜೊತೆ ಆಡಿದ ಮೊದಲ ಮಾತು, "ಇಷ್ಟು ಆಳಕ್ಕೆ ಯಾಕೆ ಹೋಗ್ತಿದ್ದೀಯ?" ಎಂದು.

"ಇನ್ನು ಯಾರು ಹಿಂದಿನಿಂದ ಎಷ್ಟು ಬಡಿದರೂ ಇದು ಮೇಲೇಳಬಾರದು. ಬಡಿದರೆ ತಗಡೇ ಒಡೀಬೇಕು."

ಚಿತ್ರದ ಕೆಳಭಾಗದಲ್ಲಿ ಏಳು ಜನರಿದ್ದರು. ಉಳಿದವರನ್ನೂ ಸೇರಿಸಿದೆ: ಸೊಂಟಕ್ಕೆ ಕೈ ಕೊಟ್ಟವನು, ಎಡಗೈಯವನು, ಒಂದೇ ಪಾತ್ರೆಯ ಅಣ್ಣತಮ್ಮಂದಿರು. ಅಕ್ಕಿಕಾಳಿನಷ್ಟೇ ಜಾಗದಲ್ಲಿ ಏನೆಲ್ಲ ಹಿಡಿಯುತ್ತದೆ! ಕೊನೆಗೆ ಒಬ್ಬನಿಗೆ ಸೂಜಿಮೊನೆಯಲ್ಲಿ ಎರಡು ಚುಕ್ಕೆ ಇಟ್ಟು ಭೂತಗನ್ನಡಿಯನ್ನು ಭಾವನ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದರು. "ಎಡಗಡೆ ಮೀಸೆ ಸ್ವಲ್ಪ ಗಿಡ್ಡವಾಯ್ತು" ಎಂದರು.

ಏಪ್ರಿಲ್ 14, ಭಾನುವಾರ

ಕಣ್ಣಿನಲ್ಲಿ ಇನ್ನೂ ದೂಳಿದೆ. ಅಕ್ಷರ ಹೇಗೆ ಬರುತ್ತದೋ ಬರಲಿ.

ತಗಡನ್ನು ಗುಮಾಸ್ತ ನಿನ್ನೆಯೇ ಒಯ್ದಿದ್ದ. ಬೆಳಿಗ್ಗೆ ಗಾಡಿಗೆ ಸಾಮಾನು ಏರಿಸುತ್ತಿದ್ದೆವು. ಕರೆಯದೆಯೇ ಎಲ್ಲರೂ ಬಂದಿದ್ದರು. ನಾಳೆ ಕೆಲಸಕ್ಕೆ ಹೋಗುವ ನಾಚಿಕೆಗೆ ಇಂದು ಮಂಚ ಹೊರುತ್ತಿದ್ದರು. ಉದ್ದಣ್ಣ ತಲೆಯ ಮೇಲೆ ಬೋಗುಣಿ ಹೊತ್ತು ಬಾಗಿಲಿಗೆ ಡಿಕ್ಕಿ ಹೊಡೆದ, ಅಕ್ಕ ಬೈದಳು. ನಾನು ಅಭ್ಯಾಸಬಲದಿಂದ ಬೆಟ್ಟದ ಕಡೆ ನೋಡಿದೆ. ಅಂಚಿನ ಪೊದೆ ತನ್ನ ಚೌಕದಲ್ಲಿರಲಿಲ್ಲ. ಒಂದು ಗೇಣು ಕೆಳಗಿತ್ತು. ನೋಡುತ್ತಿದ್ದಂತೆ ಇನ್ನೊಂದು ಗೇಣು.

"ಭಾವ" ಎಂದೆ.

ದೊಡ್ಡ ಮುಖ ಕೂಗಲಿಲ್ಲ, ಸಿಡಿಯಲಿಲ್ಲ. ದಣಿದವರು ಕುಳಿತುಕೊಳ್ಳುವ ಹಾಗೆ ಕುಸಿಯಿತು. ಸದ್ದು ಆಮೇಲೆ ಬಂತು. ಕಾಲಡಿಯ ನೆಲ ಅದುರಿತು, ಗಾಡಿಯಲ್ಲಿದ್ದ ಪಾತ್ರೆಗಳೆಲ್ಲ ಒಟ್ಟಿಗೆ ಝಲ್ಲೆಂದವು. ದೂಳು ಬಂದು ರಸ್ತೆ, ಮನೆ, ಪಕ್ಕದಲ್ಲಿ ನಿಂತವರು ಎಲ್ಲವನ್ನೂ ಮುಚ್ಚಿತು.

"ಸಾಲಿಗೆ ನಿಂತ್ಕೊಳ್ರೋ!" ಎಂದು ಭಾವ ಆ ದೂಳಿನೊಳಗಿಂದ ಕೂಗಿದರು. ಯಾರೂ ಗಣಿಯ ಹತ್ತಿರ ಕೂಡ ಇರಲಿಲ್ಲ. ಎಲ್ಲರೂ ಇಲ್ಲೇ ಮಂಚ ಹಿಡಿದು ನಿಂತಿದ್ದರು. ಆದರೂ ನಿಂತರು. ಕೆಮ್ಮುತ್ತಾ, ಮುಖವೆಲ್ಲ ಬೆಳ್ಳಗೆ ಮಾಡಿಕೊಂಡು ಸಾಲಾಗಿ ನಿಂತರು. ಭಾವ ಒಬ್ಬೊಬ್ಬರ ಎದೆಗೂ ಬೆರಳು ತಾಗಿಸುತ್ತಾ ಬಂದರು. ಉದ್ದಣ್ಣ ಬಿಕ್ಕಿ ಬಿಕ್ಕಿ ಅಳುತ್ತಿದ್ದ; ಅವನ ಎದೆಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ನಲವತ್ತು, ನಲವತ್ತೊಂದು, ನಲವತ್ತೆರಡು. ತಮ್ಮ ಎದೆಗೆ ಬೆರಳಿಟ್ಟುಕೊಂಡು "ನಲವತ್ತಮೂರು" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ನಾನು ಗಾಡಿಯ ಚಕ್ರದ ಹತ್ತಿರ ನಿಂತಿದ್ದೆ. ಭಾವ ಅಲ್ಲಿಯವರೆಗೂ ನಡೆದು ಬಂದು, ನನ್ನ ಎದೆಗೆ ಬೆರಳು ಒತ್ತಿ, "ನಲವತ್ತನಾಲ್ಕು" ಎಂದರು.

ಅಕ್ಕ ಗಾಡಿಯಿಂದ ತಟ್ಟೆಗಳನ್ನು ಇಳಿಸಿ ಒರೆಸಲು ಕುಳಿತಳು.